ಎಣ್ಣಿ ಕುಡಿಸಿದ ತೊಗಲು

ನಡದ್ಲು! ನನ್ನ ಮೊಮ್ಮಗಳು ಇವತ್ತು ಮುಂಜಾನೆ ನಡದ್ಲು! ಯಾರೂ ಕೈ ಹಿಡೀಲಿಲ್ಲ, ಗ್ವಾಡಿ ಹಿಡೀಲಿಲ್ಲ, ಒಲಿ ಮುಂದಿಂದ ತಲಬಾಗಲ ತನಕ ತಾನೇ ಬಂದ್ಲು. ಹದಿಮೂರು ಹೆಜ್ಜಿ, ನಾನೇ ಎಣಿಸೀನಿ. ನಮ್ಮಾಕಿ ಹನ್ನೊಂದು ಅಂತಾಳ, ಸೊಸಿ ಹದಿನಾಲ್ಕು ಅಂತಾಳ. ಎಷ್ಟರೆ ಇರ್ಲಿ, ನಡದ್ಲು! ಎಡಗಾಲು ಸ್ವಲ್ಪ ಎಳೀತದ. ಎಳೀಲಿ ಬಿಡ್ರಿ. ಬಾಗಲ ಚೌಕಟ್ಟು ಹಿಡಕೊಂಡು ನಿಂತು, ಏದುಸಿರು ಬಿಡ್ತಾ, "ಮುತ್ಯಾ, ಹೊರಗ ಬಿಸಲು ಭಾಳ ಅದ" ಅಂದ್ಲು. ನಾನು ಚಪ್ಪಲಿ ಸುದ್ದಾ ಹಾಕ್ಕೊಳ್ಳದೆ ಓಣ್ಯಾಗ ಓಡಿ ಹೋಗಿ ಕಂಡಕಂಡವರಿಗೆ ಹೇಳಿದೆ. ಕಿರಾಣಿ ಅಂಗಡಿಯವ, "ಮಿಸ್ತ್ರಿ, ಇದು ಮೂರನೇ ಸಲ ಹೇಳಾಕತ್ತೀ" ಅಂದ. ನಾಕನೇ ಸಲಾನೂ ಹೇಳಿ ಬಂದೆ.

ಖರೆ, ಆಕಿ ಒಂದೂವರೆ ವರ್ಷ ಹಾಸಿಗಿ ಹಿಡಿದದ್ದು ನನ್ನಿಂದ. ಅದನ್ನ ಬಿಟ್ಟು ಬರೇ ಖುಷಿ ಬರದ್ರ ಅರ್ಧ ಸುಳ್ಳು ಬರದಂಗ ಆಗ್ತದ. ನಾನು ಮೂರು ಇಯತ್ತೆ ಓದಿದವ, ಅದೂ ಉರ್ದುದಾಗ. ಕನ್ನಡ ಅಕ್ಷರ ನಮ್ಮಪ್ಪ ಕುಲುಮಿ ಬೂದಿ ಹರವಿ ಬೆರಳು ಹಿಡದು ಕಲಿಸಿದ್ದು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದ್ರಿ.

ದುನಿಯಾದ ದೊಡ್ಡ ಲಡಾಯಿ ಶುರುವಾಗಿ ಮೂರು ವರ್ಷ ಆಗಿತ್ತು. ನಮ್ಮ ಮನಿ ಕಲ್ಯಾಣದಾಗ, ನನ್ನ ಕೆಲಸ ಹುಮನಾಬಾದದಾಗ, ಒಬ್ಬ ಸಾವ್ಕಾರರ ಮೋಟಾರ ಶೆಡ್ಡಿನಾಗ. ಎರಡೂ ಊರಿನ ನಡುವ ದಿನಾ ಹೋಗಿ ಬರೋ ಅವರ ಬಸ್ಸಿಗೆ ನಾನೇ ಮಿಸ್ತ್ರಿ. ಪೆಟ್ರೋಲು ಸಿಗತಿರಲಿಲ್ಲ. ಬಸ್ಸಿನ ಹಿಂದ ಹಂಡೆದಂಥಾ ಒಂದು ಡಬ್ಬಿ ಕಟ್ಟಿ, ಅದರಾಗ ಇದ್ದಲಿ ಸುಟ್ಟು, ಆ ಗ್ಯಾಸಿನ ಮ್ಯಾಲ ಇಂಜಿನ್ ಓಡಸ್ತಿದ್ವಿ. ಇದ್ದಲಿ ಗ್ಯಾಸಿನಾಗ ಕಸುವು ಇಲ್ಲ. ಸಪಾಟ ದಾರ್‍ಯಾಗ ಹ್ಯಾಂಗೋ ನಡೀತಿತ್ತು, ಏರು ಬಂತಂದ್ರ ಗಾಡಿ ಜರ್ಕು ಹೊಡೀತಿತ್ತು. ಅದಕ್ಕ ನಮ್ಮ ಕಡೆ ಒಂದು ರೂಢಿ ಬಿದ್ದಿತ್ತು. ಏರು ಬಂದ ಕೂಡಲೇ ಕ್ಲೀನರ್, "ಗಂಡಸರು ಇಳೀರಿ!" ಅಂತ ಕೂಗತಿದ್ದ. ಗಂಡಸರು ಇಳದು ಹಿಂದಿಂದ ನಡೀತಿದ್ರು. ಹೆಣ್ಣಮಕ್ಕಳು, ಮುದುಕರು, ಕೂಸುಗಳು ಒಳಗೇ ಕುಂದರ್ತಿದ್ರು.

ಆ ಜರ್ಕು ಹೋಗಿ ಬಡಿಯೋದು ಜಾಯಿಂಟಿಗೆ. ಜಾಯಿಂಟ್ ಅಂದ್ರೇನು ಹೇಳ್ತೀನಿ. ಇಂಜಿನ್ನಿನ ಶಕ್ತಿ ಗೇರ್ ಡಬ್ಬಿಯಿಂದ ಹಿಂದಿನ ಗಾಲಿಗೆ ಹೋಗೋದು ಒಂದು ಉದ್ದನ್ನ ಶಾಫ್ಟಿನಿಂದ. ದಾರ್‍ಯಾಗ ಹಿಂದಿನ ಅಚ್ಚು ಮ್ಯಾಲ ಕೆಳಗ ಕುಣೀತದ, ಗೇರ್ ಡಬ್ಬಿ ಕುಣ್ಯಂಗಿಲ್ಲ. ಅದಕ್ಕ ಶಾಫ್ಟಿನ ತುದಿಗೆ ನಮ್ಮ ಮುಂಗೈಯಂಥಾ ಒಂದು ಕೀಲು ಬೇಕು, ತಿರುಗತಾ ತಿರುಗತಾನೇ ಬಾಗಬೇಕು. ವಿಲಾಯತಿ ಜಾಯಿಂಟಿನಾಗ ಕಬ್ಬಿಣದ ಒಂದು ಕ್ರಾಸು ಇರ್ತದ. ನಮ್ಮದು ಸವದು ಹೋಗಿತ್ತು. ಹೊಸಾದು ಹಡಗಿನ್ಯಾಗ ಬರಬೇಕು, ಹಡಗು ಬರಾಂಗಿಲ್ಲ. ನಾನು ಬಂಡಿ ಗಾಲಿಯ ಹಳಿ ಕಾಸಿ ಬಡದು ಒಂದು ಕ್ರಾಸು ಮಾಡಿದೆ, ಮೂರನೇ ದಿನಕ್ಕ ಸೀಳಿತು. ಹಿತ್ತಾಳಿದು ಎರಕಾ ಹೊಯ್ದೆ, ವಾರದಾಗ ತಿಂದು ಹೋತು. "ಇನ್ನೊಂದು ವಾರ ನೋಡ್ತೀನಿ ಮಿಸ್ತ್ರಿ, ಆಮ್ಯಾಲ ಬಸ್ಸಿನಾಗ ಕೋಳಿ ಸಾಕೋಣು" ಅಂದ್ರು ಸಾವ್ಕಾರರು.

ಒಂದು ಮಧ್ಯಾಹ್ನ ಮೋರಖಂಡಿ ಹತ್ರ ಬಸ್ಸು ಕೆಟ್ಟು ನಿಂತಾಗ ಒಂದು ಹೊಲದಾಗ ಬಾವಿ ಮುಂದ ಕುಂತಿದ್ದೆ. ಎತ್ತುಗಳು ಬಾವಿ ನೀರು ಸೇದೋ ತೊಗಲಿನ ಚೀಲ, ಮೋಟ, ಎಳ್ಯಾಕತ್ತಿದ್ವು. ಅಷ್ಟು ನೀರಿನ ಭಾರ, ಎತ್ತಿನ ಜಗ್ಗಾಟ, ದಿನಾ ನೂರು ಸಲ. ತೊಗಲು ಬಾಗತದ ಹೊರತು ಹರ್‍ಯಂಗಿಲ್ಲ. ನನಗ ಮೈಯೆಲ್ಲಾ ಝುಂ ಅಂತು. ಮೂರು ಕಾಲಿನ ಕಬ್ಬಿಣದ ಪಂಜಾ ಒಂದು ಗೇರ್ ಡಬ್ಬಿಗೆ, ಇನ್ನೊಂದು ಶಾಫ್ಟಿಗೆ. ನಡುವ ತೊಗಲಿನ ದಪ್ಪ ಬಿಲ್ಲಿ. ಒಂದು ಬಿಟ್ಟು ಒಂದು ಆರು ಬೋಲ್ಟು. ಕಬ್ಬಿಣ ಕಬ್ಬಿಣಕ್ಕ ಮುಟ್ಟಂಗೇ ಇಲ್ಲ. ಬಾಗೋ ಕೆಲಸಾ ತೊಗಲಿಂದು.

ತೊಗಲಿಗೆ ಕಲ್ಯಾಣದಾಗ ಊರ ಹೊರಗ ಒಬ್ಬ ಹಿರಿಯ ಇದ್ದ. ಮೋಟ ಹೊಲಿಯೋದ್ರಾಗ ಅವನಂಥಾ ಕೈ ಮತ್ತೊಂದಿಲ್ಲ. ನಮ್ಮ ಮಂದಿ ಅವನ ಅಂಗಳದಾಗ ನಿಂತೇ ಮಾತಾಡತಿದ್ರು. ನಾನೂ ಹಂಗೇ ನಿಂತೆ.

"ಏನು ಬೇಕ್ರಿ ಮಿಸ್ತ್ರಿ?"

"ಎಮ್ಮಿ ತೊಗಲು. ದಪ್ಪಂದು."

"ಯಾತಕ್ಕ್ರಿ?"

"ಮೋಟಕ್ಕ" ಅಂದೆ.

ಖರೆ ಹೇಳಿದ್ರ ನಾಳಿಗೆ ಹುಮನಾಬಾದದ ಮಿಸ್ತ್ರಿಗಳೆಲ್ಲಾ ಅವನ ಅಂಗಳದಾಗ ಬಂದು ನಿಂದರ್ತಾರ ಅಂತ ನನ್ನ ಹೊಟ್ಯಾಗಿನ ಉರಿ. ಅವ ನಕ್ಕ. "ನೀವು ಹೊಲಾ ಯಾವಾಗ ಮಾಡಿದ್ರಿ?" ಅಂದ. ಅಂದ್ರೂ ಒಳ್ಳೆ ತೊಗಲೇ ಕೊಟ್ಟ, ಮ್ಯಾಲ ಬುದ್ಧಿನೂ ಹೇಳಿದ: "ವಾರಕ್ಕೊಮ್ಮಿ ಔಡಲೆಣ್ಣಿ ಕುಡಸ್ರಿ. ಒಣಗಿದ್ರ ತೊಗಲು ಸತ್ತಂಗ."

ಜಾಯಿಂಟ್ ಹಾಕಿದ ದಿನ ಡ್ರೈವರ್ ಹುಮನಾಬಾದದಿಂದ ಕಲ್ಯಾಣಕ್ಕ ಹೋಗಿ ಬಂದು, ಇಳದು, ನನ್ನ ಬೆನ್ನಿಗೊಂದು ಗುದ್ದು ಕೊಟ್ಟ. "ಮಿಸ್ತ್ರಿ ಭಾಯಿ, ಮಖಮಲ್ ಹಾಸಿದಂಗ ಹೋಗ್ತದಲ್ಲೋ!" ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡದ ಕೈ ಅದು. ಆ ಮಾತಿಗೆ ನಾನು ಒಂದು ವಾರ ನೆಲದ ಮ್ಯಾಲ ನಡೀಲಿಲ್ಲ. ಶೆಡ್ಡಿಗೆ ಬಂದವರಿಗೆಲ್ಲಾ ಬಗ್ಗಿ ನೋಡ್ರಿ ಬಗ್ಗಿ ನೋಡ್ರಿ ಅಂತ ತೋರಿಸಿದೆ.

ಹಿರಿಯ ಹೇಳಿದಂಗ ವಾರಕ್ಕೊಮ್ಮಿ ಎಣ್ಣಿ ಕುಡಿಸಿದೆ. ಐದನೇ ವಾರದಾಗ ಡ್ರೈವರ್ ಶೆಡ್ಡಿಗೆ ಬಂದು ಟೋಪಿ ತಗದು ತಲಿ ತುರಿಸಿಕೊಂಡ.

"ಭಾಯಿ, ಕೆಳಗ ಯಾರೋ ಬಾಗಲಾ ಬಡದಂಗ ಸಪ್ಪಳಾ ಬರಾಕತ್ತದ. ಎರಡು ದಿನ ಗಾಡಿ ನಿಂದ್ರಸು."

ಬಗ್ಗಿ ನೋಡಿದೆ. ಬೋಲ್ಟಿನ ತೂತುಗಳು ತತ್ತಿ ಆಕಾರಕ್ಕ ಹಿಗ್ಗಿದ್ವು. ಬಿಲ್ಲಿ ಬೆರಳಿಟ್ಟು ಒತ್ತಿದ್ರ ಒಳಗ ಹೋಗತಿತ್ತು. ಅಲ್ಲೇ ನಾನು ನಿಂತು ವಿಚಾರ ಮಾಡಬೇಕಿತ್ತು. "ತೊಗಲಿಗೆ ಎಣ್ಣಿ ಕಮ್ಮಿ ಬಿದ್ದದ, ಅಷ್ಟೇ" ಅಂದೆ. ಎರಡು ಪಟ್ಟು ಎಣ್ಣಿ ಹಾಕಿದೆ, ಬೋಲ್ಟು ಬಿಗಿ ಮಾಡಿದೆ. "ನಿನ್ನ ಕೆಲಸಾ ನಿನಗ ಗೊತ್ತು" ಅಂದು ಅವ ಹೋದ.

ಮೂರು ದಿನಕ್ಕ ನಾನು ಮೊಮ್ಮಗಳನ್ನ ಶೆಡ್ಡು ತೋರಸಾಕ ಕರಕೊಂಡು ಬಂದಿದ್ದೆ. ಆಕಿಗೆ ಆಗ ಏಳು ವರ್ಷ. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಕಲ್ಯಾಣಕ್ಕ ಹೊರಟ್ವಿ. ಆಕಿ ಡ್ರೈವರನ ಹಿಂದಿನ ಸೀಟೇ ಬೇಕಂತ ಹಟಾ ಮಾಡಿ ಕುಂತ್ಲು. ಹಳ್ಳ ದಾಟಿ ಏರು ಬಂತು. "ಗಂಡಸರು ಇಳೀರಿ!" ನಾವೆಲ್ಲಾ ಇಳದು ಹಿಂದ ನಡದ್ವಿ.

ಅರ್ಧ ಏರಿನಾಗ ಬಸ್ಸು ಎರಡು ಸಲ ಜರ್ಕು ಹೊಡೀತು. ಆಮ್ಯಾಲ ಬಂದೂಕು ಹಾರಿದಂಥಾ ಸಪ್ಪಳಾ. ಬಸ್ಸಿನ ಕೆಳಗಿಂದ ಧೂಳು ಎದ್ದಿತು. ಒಂದು ಗಳಿಗಿ ಬಸ್ಸು ನಿಂತಲ್ಲೇ ನಿಂತಿತ್ತು. ಮತ್ತ ಹಿಂದಕ್ಕ ಬರಾಕ ಹತ್ತಿತು, ನಮ್ಮ ಮ್ಯಾಲೇ. ಕ್ಲೀನರ್ ಗಾಲಿ ಹಿಂದ ಕಟ್ಟಿಗಿ ದಿಂಡು ಒಗದ, ಗಾಲಿ ಅದನ್ನ ಹಾರಿ ಬಂತು. ಎಲ್ಲಾರೂ ಬದಿಗೆ ಹಾರಿದ್ರು. ನಾನೂ ಹಾರಿದೆ. ನನ್ನ ಮೊಮ್ಮಗಳು ಒಳಗಿದ್ಲು, ನಾನು ಹಾರಿದೆ. ಡ್ರೈವರ್ ಸ್ಟೇರಿಂಗ್ ತಿರುಗಿಸಿ ಬಸ್ಸಿನ ಬೆನ್ನು ಮಣ್ಣಿನ ದಿಬ್ಬಕ್ಕ ಹಚ್ಚಿದ. ಹಚ್ಚಿರದಿದ್ರ ಹಳ್ಳಕ್ಕ ಹೋಗತಿತ್ತು. ದಿಬ್ಬಕ್ಕ ಬಡದು ಒಂದು ಮಗ್ಗಲಿಗೆ ಬಿತ್ತು.

ನಾರಾಯಣಪುರದ ಒಬ್ಬಾಕಿ ಮುದುಕಿ ಅಲ್ಲೇ ತೀರಿಕೊಂಡ್ಲು. ನನ್ನ ಕೂಸಿನ ತೊಡಿ ಸೀಟಿನ ಕಬ್ಬಿಣದ ಕೆಳಗ ಸಿಕ್ಕಿತ್ತು. ಡ್ರೈವರ್ ಹಣೀಲಿಂದ ರಕ್ತ ಸುರೀತಾ ಆಕೀನ್ನ ಎತ್ತಿ ಹೊರಗ ತಂದ. ಎಲುಬು ಕಟ್ಟೋ ವೈದ್ಯಾನ ಹತ್ರ ಒಯ್ಯಾಕ ಯಾರದೋ ಬಂಡಿ ಹೂಡಿದ್ರು.

ಬಂಡಿ ಹೂಡೋ ಮೊದಲು ನಾನು ಏನು ಮಾಡಿದೆ ಅಂತ ಬರಿಯಾಕ ಕೈ ಏಳವಲ್ದು. ಮಗ್ಗಲಿಗೆ ಬಿದ್ದ ಬಸ್ಸಿನ ಹೊಟ್ಟಿ ಕಡೆ ನುಸದೆ. ತೊಗಲಿನ ಬಿಲ್ಲಿ ಆರೂ ತೂತಿನಾಗ ಹರದು ಹೋಗಿತ್ತು, ಒದ್ದಿ ಅರಿವಿಯಂಗ. ಈ ಬಸ್ಸಿನ ಕೈಬ್ರೇಕು ಗಾಲಿಗೆ ಇರಲಿಲ್ಲ, ಗೇರ್ ಡಬ್ಬಿಯ ಹಿಂದ ಇತ್ತು. ಜಾಯಿಂಟ್ ಹರದ ಮ್ಯಾಲ ಅದು ಹಿಡಿಯೋದು ಬರೇ ಗಾಳಿ. ಬಿಚ್ಚಿದ ಶಾಫ್ಟು ತಿರುಗಿ ಬಡದು ಕಾಲುಬ್ರೇಕಿನ ಸಳಿ ಮುರದಿತ್ತು. ಡ್ರೈವರನ ಕೈಯಾಗ, ಕಾಲಾಗ, ಏನೂ ಉಳದಿರಲಿಲ್ಲ. ನಾನು ತೊಗಲಿನ ತುಂಡು ಆರಿಸಿ ಧೋತರದ ಗಂಟಿನಾಗ ಕಟ್ಟಿಕೊಂಡೆ.

ಸಂಜೀಕ ಬಸ್ಸು ಬಿದ್ದಲ್ಲಿಗೆ ಸಾವ್ಕಾರರು ಬಂದ್ರು. "ಅಮೀನ ಸಾಹೇಬರು ಮುಂಜಾನೆ ಬರ್ತಾರ. ಹಳೇ ಕಬ್ಬಿಣದ ಜಾಯಿಂಟ್ ಅದಲ್ಲ, ಅದನ್ನ ಹಾಕು" ಅಂದ್ರು. ಅಮೀನರು ಅಂದ್ರ ಠಾಣೇದ ದೊಡ್ಡವರು. ನಾನು ಹಾಕಿದೆ. ನನ್ನ ಕೈಲೇ ಹಾಕಿದೆ, ನಾಕೂ ಬೋಲ್ಟು. ಮುರದ ಬ್ರೇಕಿನ ಸಳಿನೂ ಕೂಡಿಸಿದೆ. ಅಮೀನರು ಬಂದು ಬಗ್ಗಿ ನೋಡಿದ್ರು, ಸವದದ್ದು ಹೊರಗ ಕಾಣತಿರಲಿಲ್ಲ, ಕಬ್ಬಿಣಾ ಗಟ್ಟಿ ಕಂಡಿತು. "ಬ್ರೇಕು ಹಿಡೀಲಿಲ್ಲ ಯಾಕ?" ಅಂತ ಡ್ರೈವರಗ ಕೇಳಿದ್ರು. "ಸಾಹೇಬ್, ಕೆಳಗ ತೊಗಲಿತ್ತು, ಅದು ಹರೀತು" ಅಂದ ಅವ. "ಎಲ್ಲದ ತೊಗಲು?" ಅವ ನನ್ನ ಕಡೆ ನೋಡಿದ. ನಾನು ನೆಲಾ ನೋಡಿದೆ. ಅವನ ಲೈಸನ್ಸ್ ಕಸಕೊಂಡು ಹವಾಲಾತಿನ್ಯಾಗ ಹಾಕಿದ್ರು.

ನನ್ನ ಮಗ, ಅಂದ್ರ ಕೂಸಿನ ಅಪ್ಪ, ಕುಲುಮಿ ಬಿಟ್ಟು ಬಂದು ಆಕಿ ಮಗ್ಗಲಾ ಕುಂತಾವ ಏಳಲೇ ಇಲ್ಲ. ಎಡಗಾಲಿಗೆ ಸೊಂಟದಿಂದ ಹಿಮ್ಮಡದ ತನಕ ಬಿದಿರ ದಬ್ಬಿ ಕಟ್ಟಿದ್ರು. ವೈದ್ಯ, "ಎಲುಬು ಕೂಡ್ತದ. ನಡೀತಾಳೋ ಇಲ್ಲೋ ಹೇಳಾಕ ಬರಂಗಿಲ್ಲ" ಅಂದಿದ್ದ. ಮಗ ಹಗಲೆಲ್ಲಾ ಡ್ರೈವರಗ ಬೈತಿದ್ದ. ಡ್ರೈವರನ ಹೆಂಡತಿ ಬಜಾರದಾಗ ಸಿಕ್ಕಾಗ ಮಂದಿ ಮುಂದ ಬೈದು ಬಂದ. ನಾನು ಹ್ಞೂಂ ಅಂತಿದ್ದೆ.

ಹನ್ನೆರಡನೇ ದಿನ ಇರಬೇಕು. ಮಗ ಮತ್ತ ಬೈಯಾಕ ಹತ್ತಿದ್ದ. ಕೂಸು ಮಲಗಿದಲ್ಲೇ, "ಯಪ್ಪಾ, ಡ್ರೈವರ್ ಮಾಮಾ ಎರಡೂ ಕೈಲೆ ಆ ಕೋಲು ಎಳದ. ಪೂರಾ ಎಳದ. ಗಾಡಿ ನಿಂದರಲಿಲ್ಲ" ಅಂದ್ಲು.

"ಸುಮ್ನಿರು. ನಿನಗೇನು ತಿಳೀತದ."

"ನಾ ಹಿಂದೇ ಕುಂತಿದ್ದೆ. ನೋಡೀನಿ."

"ಸುಳ್ಳು ಹೇಳಬ್ಯಾಡ!" ಅಂತ ಅವ ಒದರಿದ.

ಆಕಿ ಅಳಲಿಲ್ಲ. ಕುತ್ತಿಗಿ ನನ್ನ ಕಡೆ ಹೊಳ್ಳಿಸಿದ್ಲು. "ಮುತ್ಯಾ, ನೀನು ಮೋಟಾರದಾವ. ನಾ ಸುಳ್ಳು ಹೇಳಾಕತ್ತೀನಾ?"

ಆ ತೊಗಲಿನ ಗಂಟು ಜ್ವಾಳದ ಚೀಲದ ಸಂದ್ಯಾಗ ಇಟ್ಟಿದ್ದೆ. ಎದ್ದು ಹೋಗಿ ತಂದು ಮಗನ ಮುಂದ ಬಿಚ್ಚಿದೆ. "ಕೂಸು ಖರೆ ಹೇಳ್ತಾಳ. ಅವನ ಕೈಯಾಗ ಬ್ರೇಕು ಇರಲಿಲ್ಲ. ಹರದದ್ದು ನನ್ನ ಜಾಯಿಂಟ್. ಮುಚ್ಚಿಟ್ಟಾವ ನಾನು" ಅಂದೆ. ಹೊಡೀತಾನ ಅಂದ್ಕೊಂಡೆ. ಹೊಡದಿದ್ರ ಚಲೋ ಇತ್ತು. ಅವ ತುಂಡು ಕೈಯಾಗ ತಗೊಂಡು, ಹರದ ತೂತಿನಾಗ ಬೆರಳು ಹಾಕಿ ನೋಡಿದ. ಅವನೂ ಕಬ್ಬಿಣದ ಕೆಲಸದಾವ, ತಿಳೀತು. ತುಂಡು ಕೆಳಗಿಟ್ಟು ಹೊರಗ ಹೋದ. ಅವತ್ತಿಂದ ನನ್ನ ಕೂಡ ಮಾತಿಲ್ಲ. ನಾ ಊಟಕ್ಕ ಕುಂತ್ರ ಅವ ಎದ್ದು ಹೋಗಾಂವ.

ಮರುದಿನ ಗಂಟು ಬಗಲಾಗ ಹಿಡಕೊಂಡು ಠಾಣೇಕ ಹೋದೆ. ಅಮೀನರು ತೊಗಲು ನೋಡಿದ್ರು, ನನ್ನ ನೋಡಿದ್ರು.

"ಮಿಸ್ತ್ರಿ, ಇದನ್ನ ಒಲ್ಯಾಗ ಹಾಕಿದ್ರ ನಿನ್ನ ಯಾರು ಕೇಳ್ತಿದ್ರು?"

"ಕೇಳಿದ್ರು ಸಾಹೇಬ್ರ, ಮನ್ಯಾಗ."

"ಜೇಲಾಗ್ತದ. ತಿಳದದ?"

"ತಿಳದದ್ರಿ."

ಡ್ರೈವರ್ ಲೈಸನ್ಸ್ ವಾಪಸ ತಗೊಂಡು ಹೊರಗ ಬಂದ, ನಾನು ಒಳಗ ಹೋದೆ. ಆರು ತಿಂಗಳು. ಸಾವ್ಕಾರರು ನನ್ನ ಹತಾರ ಎಲ್ಲಾ ಶೆಡ್ಡಿನ ಹೊರಗ ಒಗಸಿದ್ರಂತ. ಜೇಲಿನಾಗ ಕಲ್ಲು ಒಡೀತಾ ನನಗ ಒಂದೇ ಧ್ಯಾಸ: ಮೋಟ ಹರ್‍ಯಂಗಿಲ್ಲ, ಇದು ಯಾಕ ಹರೀತು?

ಜೇಲಿಂದ ಬಿಟ್ಟ ಮ್ಯಾಲ ಮೊದಲು ನಾರಾಯಣಪುರಕ್ಕ ಹೋದೆ. ಆ ಮುದುಕಿಯ ಮಗ ನಾ ಯಾರಂತ ಕೇಳಿದ, ಹೇಳಿದೆ. ಅವ ಒಳಗ ಹೋಗಿ ಬಾಗಲಾ ಮುಂದ ಮಾಡಿಕೊಂಡ. ನಾನು ಒಂದಿಷ್ಟು ಹೊತ್ತು ನಿಂತು ಬಂದೆ.

ಆಮ್ಯಾಲ ತೊಗಲಿನ ಹಿರಿಯಾನ ಮನಿಗೆ ಹೋದೆ. ಈ ಸಲ ಅಂಗಳದಾಗ ನಿಂದರಲಿಲ್ಲ. ಒಳಗ ಹೋಗಿ ಅವನ ಎದುರಿಗೆ ನೆಲದ ಮ್ಯಾಲ ಕುಂತೆ. ಅವ ಗಾಬರ್‍ಯಾದ. ನಡದದ್ದೆಲ್ಲಾ ಹೇಳಿದೆ. ಕೇಳ್ತಾ ಕೇಳ್ತಾ ಅವನ ಮಾರಿ ಕಪ್ಪಾತು.

"ಮೋಟಕ್ಕ ಅಂದ್ರಲ್ಲ್ರಿ ನೀವು! ನೀರಾಗಿನ ತೊಗಲಿಗೆ ಎಣ್ಣಿ ಬೇಕು, ಮೆತ್ತಗಿರಬೇಕು. ತಿರುಗೋ ತೊಗಲಿಗೆ ಎಣ್ಣಿ ಕುಡಿಸಿದ್ರ ಅದು ಹಿಗ್ಗತದ. ಇಷ್ಟು ನಮ್ಮ ಮನ್ಯಾಗಿನ ಕೂಸಿಗೂ ಗೊತ್ತದ. ಒಂದು ಮಾತು ಖರೆ ಹೇಳಿದ್ರ..." ಬಸ್ಸಿನ ತೊಗಲು ಹರೀತು ಅಂತ ಊರಾಗ ಕೇಳಿ, ತನ್ನ ತೊಗಲೇ ಕೆಟ್ಟದಿತ್ತೇನೋ ಅಂತ ಅವನೂ ತಿಂಗಳುಗಟ್ಟಲೆ ಸಂಕಟ ಪಟ್ಟಿದ್ನಂತ.

ನಾಕು ತಿಂಗಳು ಇಬ್ಬರೂ ಕೂಡಿ ಹೊಸಾ ಜಾಯಿಂಟ್ ಮಾಡಿದ್ವಿ. ಹೊಟ್ಟಿ ಕಡೀ ತೊಗಲು ಬಿಟ್ಟು ಬೆನ್ನಿನ ತೊಗಲಷ್ಟೇ. ಆರು ಪದರು. ತೊಗಲು ಒಂದು ಕಡೆ ಜಾಸ್ತಿ ಹಿಗ್ಗತದಂತ, ಅದಕ್ಕ ಒಂದೊಂದು ಪದರು ಅಡ್ಡ ತಿರುವಿ ಇಟ್ಟು, ಬೀಸೋ ಕಲ್ಲು ಹೇರಿ ಹದಿನೈದು ದಿನ ನೆರಳಾಗ ಒಣಗಿಸಿದ್ವಿ. ನಾನು ತೂತು ಕಾಸಿದ ಸಳಿಯಿಂದ ಸುಡತಿದ್ದೆ. ಸುಟ್ಟ ಅಂಚು ಸೀಳತದಂತ ಅವ ಬಿಡಲಿಲ್ಲ, ಉಳಿಯಿಂದ ಹೊಡದು ಕೊಟ್ಟ. ಬೋಲ್ಟಿನ ಎರಡೂ ಮಗ್ಗಲಾ ಅಗಲ ಕಬ್ಬಿಣದ ಬಿಲ್ಲಿ. ಮ್ಯಾಲ ಗೇರ್ ಡಬ್ಬಿಯ ಎಣ್ಣಿ ಸಿಡೀದಂಗ ತಗಡಿನ ಮುಚ್ಚಳ.

ಖರೆ, ನನಗ ಜೇಲಿನಾಗ ಗೊತ್ತಾದ ಮಾತು ಬ್ಯಾರೆ. ಎಂಥಾ ಜಾಯಿಂಟೂ ಒಂದಿಲ್ಲೊಂದು ದಿನ ಹರೀತದ. ಹರ್‍ಯದಂಥಾದ್ದು ಮಾಡ್ತೀನಿ ಅನ್ನೋದು ಬಿಟ್ಟು, ಹರದ್ರೂ ಮಂದಿ ಉಳಿಯೋವಂಥಾದ್ದು ಮಾಡಬೇಕು. ಶಾಫ್ಟಿನ ಸುತ್ತ, ಕೈಯಾಗಿನ ಬಳಿಯಂಗ, ಎರಡು ಕಬ್ಬಿಣದ ಬಳಿ ಹಾಕಿದೆ. ಶಾಫ್ಟು ಬಿಚ್ಚಿದ್ರ ಬಳ್ಯಾಗ ಕುಂದರಬೇಕು, ಬ್ರೇಕಿನ ಸಳಿ ಮುಟ್ಟಬಾರದು. ಕೈಬ್ರೇಕು ಗೇರ್ ಡಬ್ಬಿಯಿಂದ ತಗದು ಹಿಂದಿನ ಗಾಲಿಗೇ ಕಟ್ಟಿದೆ.

ಹುಮನಾಬಾದದ ಬ್ಯಾರೆ ಒಬ್ಬ ಮಾಲಕರು ತಮ್ಮ ನಿಂತ ಬಸ್ಸು ಕೊಟ್ರು. ಅಮೀನರು, "ಹರಿಸಿ ತೋರಸು. ಗಾಡಿ ನಿಂತ್ರ ಪರವಾನಗಿ" ಅಂದ್ರು. ಓಡಸಾಕ ಯಾರೂ ಬರಲಿಲ್ಲ. ಕಡೀಕ ಆ ಡ್ರೈವರನ ಮನಿಗೇ ಹೋದೆ. ಅವ ಬಾಗಲದಾಗ ನಿಂತು ನನ್ನ ಮಾತು ಪೂರಾ ಕೇಳಿದ.

"ಬರ್ತೀನಿ. ಒಂದು ಶರತ್ತು. ನಾ ಮ್ಯಾಲ ಕುಂತಾಗ ನೀ ಹಿಂದಿನ ಗಾಲಿ ಹಿಂದ ನಿಂದರಬೇಕು. ಬದಿಗಲ್ಲ, ಹಿಂದ."

"ನಿಂದರ್ತೀನಿ."

ಅದೇ ಏರು. ಬಸ್ಸಿನಾಗ ಮಂದಿ ಬದಲಿ ಮಣ್ಣಿನ ಚೀಲ. ಆರು ಪದರಿನಾಗ ನಾಕು ನಾನೇ ಚೂರಿಯಿಂದ ಕೊಯ್ದೆ. ಅರ್ಧ ಏರಿಗೆ ಡ್ರೈವರ್ ಬೇಕಂತಲೇ ಜರ್ಕು ಕೊಟ್ಟ. ಅದೇ ಸಪ್ಪಳಾ. ನಾನು ಕಣ್ಣು ಮುಚ್ಚಿದೆ. ಬಸ್ಸು ಒಂದು ಗೇಣು ಹಿಂದಕ್ಕ ಬಂತು, ಇದ್ದಲಿ ಡಬ್ಬಿಯ ಝಳ ಮಾರಿಗೆ ಬಡೀತು, ನಿಂತಿತು. ಡ್ರೈವರ್ ಇಳದು ಬಂದು ಬಗ್ಗಿ ನೋಡಿದ. ಶಾಫ್ಟು ಬಳ್ಯಾಗ ಮಲಗಿತ್ತು.

"ಕಾಲು ನಡಗಾಕತ್ತಾವೇನು?" ಅಂದ.

"ಹೌದು."

"ನನ್ನವೂ" ಅಂದು ದಾರಿ ಮಗ್ಗಲಾ ಕುಂತ. ಬೀಡಿ ಹಚ್ಚಿ ನನಗೂ ಒಂದು ಕೊಟ್ಟ. ಅವ ನನಗ ಮಾಫ್ ಮಾಡೀನಿ ಅಂತ ಅನ್ನಲಿಲ್ಲ, ನಾನೂ ಕೇಳಲಿಲ್ಲ. ಈಗ ದಿನಾ ಆ ಬಸ್ಸು ಅವನೇ ಓಡಸ್ತಾನ. ಏರು ಬಂದ್ರ ಈಗ ಹೆಣ್ಣಮಕ್ಕಳು ಕೂಸುಗಳನ್ನೂ ಇಳಸ್ತಾನ. ಮಂದಿ ಬೈತಾರ, ಅವ ಕೇಳಂಗಿಲ್ಲ.

ಮನ್ಯಾಗ ಮಾತ್ರ ಏನೂ ಬದಲಿ ಆಗಿರಲಿಲ್ಲ. ಕೂಸು ಕುಂತಲ್ಲೇ ಸರೀತಿದ್ಲು, ಮಗ ನನ್ನ ಮಾರಿ ನೋಡತಿರಲಿಲ್ಲ. ದಿನಾ ಮುಂಜಾನೆ ಅವ ಆಕೀನ್ನ ಎತ್ತಿ ನಿಂದ್ರಸಾಂವ, ಆಕಿ ಬೀಳಾಕಿ. ನಾನು ಹಿತ್ತಲದಾಗಿಂದ ಕೇಳತಿದ್ದೆ. ಇವತ್ತು ಬಿದ್ದ ಸಪ್ಪಳಾ ಬರಲಿಲ್ಲ.

ಸೊಸಿ ಗೋಧಿ ಹುಗ್ಗಿ ಮಾಡಿದ್ಲು, ಪುಂಡಿಪಲ್ಯ, ಬಿಸಿ ರೊಟ್ಟಿ. ದೀಪಾ ಹಚ್ಚೋ ಹೊತ್ತಿಗೆ ನಮ್ಮಾಕಿ ಎಲ್ಲಾರಿಗೂ ತಾಟು ಹಾಕಿದ್ಲು. ನಾನು ಕುಂತೆ. ಮಗ ಕೈ ತೊಳಕೊಂಡು ಬಂದು ನಿಂತ. ನಾನು ದಿನದಂಗ ಲಗೂ ತಿಂದು ಏಳಬೇಕಂತ ರೊಟ್ಟಿ ಮುರದೆ. ಅವ ಗ್ವಾಡಿ ಕಡೆ ನೋಡ್ತಾ,

"ಯಪ್ಪಾ, ಸ್ವಲ್ಪ ಸರಿ" ಅಂದ.

ಸರದೆ. ನನ್ನ ಮಗ್ಗಲಾ ಕುಂತ. ಅವನ ಮೊಣಕಾಲು ನನ್ನ ಮೊಣಕಾಲಿಗೆ ಹತ್ತಿತು, ತಗೀಲಿಲ್ಲ. ಕೂಸು ನಮ್ಮಿಬ್ಬರ ಎದುರಿಗೆ ಕಾಲು ಚಾಚಿ ಕುಂತು, "ನಾ ನಡದೀನಿ, ನನಗ ಹುಗ್ಗಿ ಎರಡು ಸಲ" ಅಂತ ಜಗಳಾ ತೆಗದ್ಲು. ಅವ ತನ್ನ ತಾಟಿನಾಗಿಂದ ಅರ್ಧ ತಗದು ಆಕಿಗೆ ಹಾಕಿದ, ಉಳದದ್ರಾಗ ಅರ್ಧ ನನ್ನ ತಾಟಿಗೆ ಹಾಕಿದ. ಐದೂ ಮಂದಿ ಕೂಡಿ ಉಂಡ್ವಿ.